ವಾರಿಜಕ್ಕನ ಪಾರ್ಸೆಲ್ಲು

ಮಗಳು ತಮಾಷೆಗೆಂದು ನನ್ನ ಲ್ಯಾಪ್‌ಟಾಪಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಟ್ಟಿದ್ದಳು. ಅದು ಗೊತ್ತಿಲ್ಲದೆ ನಾನು ಬೆಳಿಗ್ಗೆ ಚಹಾ ಹಿಡಿದುಕೊಂಡು ಅದರ ಮುಂದೆ ಕೂತರೆ, ಪರದೆಯ ಮೂಲೆಯಿಂದ ಒಂದು ಚೌಕ ಎದ್ದು ಬಂದು, ‘ನವೀಕರಣಗಳು ಸಿದ್ಧವಾಗಿವೆ. ಈಗ ಸ್ಥಾಪಿಸಬೇಕೇ?’ ಎಂದು ಕೇಳಿತು. ಗಣಪತಿಯನ್ನು ಸ್ಥಾಪಿಸಿ ಗೊತ್ತಿರುವ ನನಗೆ ಒಂದು ಕ್ಷಣ ಮಡಿ ಉಟ್ಟು ಬರಬೇಕೇನೋ ಅನ್ನಿಸಿತು. ಕೆಳಗೆ ಎರಡು ಗುಂಡಿಗಳಿದ್ದವು, ‘ಈಗಲೇ’ ಮತ್ತು ‘ಆಮೇಲೆ’. ಯೋಚನೆ ಮಾಡದೆ ‘ಆಮೇಲೆ’ ಒತ್ತಿದೆ. ಹುಟ್ಟಿದಾಗಿನಿಂದ ಅದನ್ನೇ ಒತ್ತಿಕೊಂಡು ಬಂದವನು ನಾನು. ಹಲ್ಲುನೋವಿನಿಂದ ಹಿಡಿದು ಮದುವೆಯ ತನಕ. ಮಗಳು ಹಿಂದಿನಿಂದ ಇಣುಕಿ, ಪಪ್ಪಾಗೆ ಓದಲು ಬಂತಾ ಎಂದು ಹಿಂದಿಯಲ್ಲಿ ಕೇಳಿ ನಕ್ಕಳು. ನಾನು ನಗಲಿಲ್ಲ. ಪರದೆಯ ಮೇಲಿನ ಆ ಕನ್ನಡ ಅಕ್ಷರಗಳನ್ನು ಕಂಡು ನನಗೆ ಡೊಂಬಿವಲಿಯ ವಾರಿಜಕ್ಕ ನೆನಪಾಗಿದ್ದರು. ವಾರಿಜಕ್ಕ ನೆನಪಾದರೆ ನನ್ನ ಚಹಾ ತಣ್ಣಗಾಗುತ್ತದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಒಂದು ಕಾಲದಲ್ಲಿ ಕಂಪ್ಯೂಟರು ತಾನಾಗಿ ಸುಧಾರಿಸಿಕೊಳ್ಳುತ್ತಿರಲಿಲ್ಲ. ಅದರ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಎಲ್ಲೋ ಒಂದು ತೂತು ಸಿಕ್ಕಿತು ಎಂದರೆ ಅದನ್ನು ಮುಚ್ಚಲು ಒಂದು ಅಪ್‌ಡೇಟು ಬರುತ್ತಿತ್ತು. ಅದನ್ನು ನಾವೇ ಹುಡುಕಿ, ಇಳಿಸಿಕೊಂಡು, ಹಾಕಬೇಕಿತ್ತು. ಆಗ ನಾನು ಮುಂಬಯಿ ಹತ್ತಿರದ ಕಳವಾ ಎಂಬ ಊರಿನಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆಯಲ್ಲಿದ್ದು, ವಾಶಿಯ ಒಂದು ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ನೋಡಿಕೊಳ್ಳುವುದು ಎಂದರೆ ಹೆಚ್ಚಿನಂಶ ಮೌಸಿನ ಹೊಟ್ಟೆಯೊಳಗಿನ ಕೊಳೆ ತೆಗೆಯುವುದು, ಪ್ರಿಂಟರಿಗೆ ಸಿಕ್ಕಿಕೊಂಡ ಕಾಗದ ಎಳೆಯುವುದು. ಆದರೆ ಊರ ಕಡೆಯವರ ಬಾಯಲ್ಲಿ ನಾನು ‘ಕಂಪ್ಯೂಟರ್ ಇಂಜಿನಿಯರ್’. ಆ ಬಿರುದನ್ನು ನಾನು ಕೇಳಿ ಪಡೆದದ್ದಲ್ಲ, ಬೇಡ ಎಂದು ಹೇಳಿದವನೂ ಅಲ್ಲ.

ವಾರಿಜಕ್ಕ ನಮ್ಮ ಉಡುಪಿ ಕಡೆಯವರು, ಅಮ್ಮನ ತವರಿನ ನೆರೆಮನೆಯವರು. ಅವರ ಗಂಡ ಠಾಣೆ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲಿನಲ್ಲಿ ಸ್ಟೋರ್ ರೂಮು ನೋಡಿಕೊಳ್ಳುತ್ತಿದ್ದರು. ಮನೆ ಡೊಂಬಿವಲಿಯಲ್ಲಿ, ನೆಲಮಹಡಿ. ಮುಂದಿನ ಕೋಣೆಯಲ್ಲಿ ವಾರಿಜಕ್ಕ ನಾಲ್ಕು ಹಳೆಯ ಕಂಪ್ಯೂಟರು ಇಟ್ಟುಕೊಂಡು ಹುಡುಗಿಯರಿಗೆ ಕ್ಲಾಸು ನಡೆಸುತ್ತಿದ್ದರು. ಅವರೇನು ಕಂಪ್ಯೂಟರು ಓದಿದವರಲ್ಲ. ಮೊದಲು ಟೈಪ್‌ರೈಟಿಂಗ್ ಕಲಿಸುತ್ತಿದ್ದರು. ಟೈಪ್‌ರೈಟರಿನ ಕಾಲ ಮುಗಿದಾಗ, ನಲವತ್ತೇಳನೆಯ ವಯಸ್ಸಿನಲ್ಲಿ ಸ್ವತಃ ಕಲಿತು, ಪರೀಕ್ಷೆ ಕಟ್ಟಿ ಪಾಸಾಗಿ, ಬೋರ್ಡು ಬದಲಾಯಿಸಿದರು. ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಮುಂದೇನು ಎಂದು ಕೂತಿರುವ ಹುಡುಗಿಯರಿಗೆ ಅವರ ಕ್ಲಾಸಿನ ಒಂದು ಸರ್ಟಿಫಿಕೇಟು ಸಿಕ್ಕಿದರೆ ಎಲ್ಲಾದರೂ ಒಂದು ಕುರ್ಚಿ ಸಿಗುತ್ತಿತ್ತು. ನಾನು ಭಾನುವಾರ ಬಸಳೆ ಸಾರಿನ ಆಸೆಗೆ ಅಲ್ಲಿಗೆ ಹೋಗುತ್ತಿದ್ದೆ. ಊಟದ ಋಣ ಕಂಪ್ಯೂಟರಿನ ಮೂಲಕ ತೀರುತ್ತಿತ್ತು.

ಒಮ್ಮೆ ಅವರು ಒಂದು ಮಷೀನಿಗೆ ಫೋನಿನ ತಂತಿ ಸಿಕ್ಕಿಸಿ ಇಂಟರ್‌ನೆಟ್ ಹಾಕಿಸಿದರು. ಹತ್ತು ನಿಮಿಷವಾಗಿರಲಿಲ್ಲ, ಎಲ್ಲಿಂದಲೋ ಒಂದು ವೈರಸ್ ಹೊಕ್ಕು, ಇನ್ನು ಅರವತ್ತು ಸೆಕೆಂಡಿನಲ್ಲಿ ಮಷೀನು ಬಂದ್ ಆಗುತ್ತದೆಂದು ಪರದೆಯ ಮೇಲೆ ಎಣಿಸತೊಡಗಿತು. ಐವತ್ತೊಂಬತ್ತು, ಐವತ್ತೆಂಟು. ಹುಡುಗಿಯರು ಚಪ್ಪಲಿ ಹಾಕಿಕೊಂಡು ಹೊರಗೆ ಓಡಿದರಂತೆ. ನನ್ನನ್ನು ಕರೆಸಿದಾಗ ನಾನು ಗಂಭೀರವಾಗಿ ವಿವರಿಸಿದೆ: ಅಪ್‌ಡೇಟ್ ಹಾಕಿದ್ದರೆ ವೈರಸ್ ಬರುತ್ತಿರಲಿಲ್ಲ, ಆದರೆ ಅಪ್‌ಡೇಟ್ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಜೋಡಿಸಿದ ಕೂಡಲೇ ವೈರಸ್ ಬರುತ್ತದೆ. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಅಂದ ಹಾಗಾಯಿತಲ್ಲ ಎಂದು ವಾರಿಜಕ್ಕ ಹೇಳಿದರು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಆ ತಂತಿಯನ್ನು ಗೋಡೆಯಿಂದ ಕಿತ್ತರು.

“ಕಳ್ಳ ಬರುವ ಬಾಗಿಲು ನಂಗೆ ಬೇಡ ಮಾರಾಯ. ನಿನ್ನ ಆಫೀಸಲ್ಲಿ ಲೈನ್ ಉಂಟಲ್ಲ? ಅಲ್ಲಿ ಇಳಿಸಿ ಪಾರ್ಸೆಲ್ ಕಟ್ಟಿಕೊಂಡು ಬಾ.”

ಅಂದಿನಿಂದ ಅಪ್‌ಡೇಟಿಗೆ ಆ ಮನೆಯಲ್ಲಿ ಪಾರ್ಸೆಲ್ ಎಂದೇ ಹೆಸರು. ಹೋಟೆಲಿನವರಿಗೆ ಜಗತ್ತಿನಲ್ಲಿ ಎರಡೇ ಬಗೆಯ ವಸ್ತುಗಳು, ಕೂತು ತಿನ್ನುವಂಥದು ಮತ್ತು ಪಾರ್ಸೆಲ್ಲು. ನಾನು ತಿಂಗಳಿಗೊಮ್ಮೆ, ಕಚೇರಿಯ ಅಧಿಕಾರಿಯ ಒಪ್ಪಿಗೆ ಪಡೆದು, ಹೊಸ ಅಪ್‌ಡೇಟುಗಳನ್ನೆಲ್ಲ ಒಂದು ಸಿ.ಡಿ.ಗೆ ಇಳಿಸಿ ವಾಶಿಯಿಂದ ಠಾಣೆಗೆ, ಠಾಣೆಯಿಂದ ಡೊಂಬಿವಲಿಗೆ ಸಾಗಿಸುತ್ತಿದ್ದೆ. ಉಳಿದದ್ದೆಲ್ಲ ಗಂಡನ ಸ್ಟೋರ್ ರೂಮಿನ ಕಾನೂನು. ಸಿ.ಡಿ. ಮೇಲೆ ಬಂದ ತಾರೀಕು ಬರೆಯಬೇಕು. ಹಳೆಯದು ಮುಂದೆ, ಹೊಸದು ಹಿಂದೆ; ಹಳೆಯದು ಹಾಕಿ ಮುಗಿಯದೆ ಹೊಸದನ್ನು ಮುಟ್ಟುವಂತಿಲ್ಲ. ಯಾವುದೇ ಪಾರ್ಸೆಲ್ ಮೊದಲು ನಾಲ್ಕನೇ ನಂಬರಿನ ಮಷೀನಿಗೆ. ಅದು ರುಚಿ ನೋಡುವ ಮಷೀನು. ಅದು ಒಂದು ದಿನ ಆರೋಗ್ಯವಾಗಿ ಬಾಳಿದರೆ ಮಾತ್ರ ಉಳಿದ ಮೂರಕ್ಕೆ ಬಡಿಸುವುದು. ದೊಡ್ಡ ದೊಡ್ಡ ಕಂಪನಿಗಳಲ್ಲೂ ಹೀಗೇ ಮಾಡುತ್ತಾರೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ, ಒಂದು ತರಬೇತಿಯಲ್ಲಿ. ಅಲ್ಲಿ ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಾನೂ ‘ಆಮೇಲೆ’ ಎನ್ನುವವನು, ವಾರಿಜಕ್ಕನೂ ಆಮೇಲಿಗೆಂದು ಎತ್ತಿಡುವವರು. ಎರಡೂ ಒಂದೇ ಎಂದು ಬಹಳ ಕಾಲ ನಾನು ನನಗೇ ಸಮಾಧಾನ ಹೇಳಿಕೊಂಡಿದ್ದೆ. ಒಂದೇ ಅಲ್ಲ. ಅವರು ಎತ್ತಿಡುತ್ತಿದ್ದದ್ದು ಕೆಲಸ ಮಾಡಲು. ನಾನು ಮುಂದಕ್ಕೆ ತಳ್ಳುತ್ತಿದ್ದದ್ದು ಮಾಡದಿರಲು.

ಇಷ್ಟರಲ್ಲಿ ಸರ್ಟಿಫಿಕೇಟು ಕೊಡುವ ಸಂಸ್ಥೆಯಿಂದ ಕಾಗದ ಬಂತು. ಸೋಮವಾರ ತಪಾಸಣೆಗೆ ಬರುತ್ತಾರೆ. ಎಲ್ಲ ಮಷೀನುಗಳಲ್ಲೂ ಹೊಸ ದೊಡ್ಡ ಪ್ಯಾಕ್, ಅಂದರೆ ಅಲ್ಲಿಯವರೆಗಿನ ಅಪ್‌ಡೇಟುಗಳೆಲ್ಲ ಸೇರಿದ ಕಟ್ಟು, ಇರಲೇಬೇಕು; ಇಲ್ಲದಿದ್ದರೆ ಕ್ಲಾಸಿನ ಮಾನ್ಯತೆ ರದ್ದು. ಆ ವರ್ಷ ಪರೀಕ್ಷೆಗೆ ಹೆಸರು ಕೊಟ್ಟ ಹನ್ನೊಂದು ಹುಡುಗಿಯರಿದ್ದರು. ವಾರಿಜಕ್ಕ ನನಗೆ ಮೂರು ವಾರ ಮೊದಲೇ ಹೇಳಿದ್ದರು. ನಾನು ಮೂರು ವಾರವೂ ‘ಆಮೇಲೆ’ ಒತ್ತಿ, ತಪಾಸಣೆಗೆ ಮೂರು ದಿನ ಇರುವಾಗ, ಶುಕ್ರವಾರ, ಕಚೇರಿಯಲ್ಲಿ ಅದನ್ನು ಹುಡುಕಲು ಕೂತೆ.

ಆ ಪುಟದಲ್ಲಿ ಭಾಷೆ ಆರಿಸಿಕೊಳ್ಳಿ ಎಂಬ ಒಂದು ಪಟ್ಟಿಯಿತ್ತು. ಪಟ್ಟಿಯಲ್ಲಿ ಕೆಳಗಿಳಿಯುತ್ತಾ ಹೋದರೆ ಜಪಾನೀ, ಆಮೇಲೆ ಕನ್ನಡ. ನೀವು ಪರವೂರಿನಲ್ಲಿದ್ದವರಾದರೆ ನಿಮಗೆ ಅರ್ಥವಾದೀತು. ಇಡೀ ದಿನ ಹಿಂದಿ, ಮರಾಠಿ, ಇಂಗ್ಲಿಷುಗಳಲ್ಲಿ ಈಜುವವನಿಗೆ ಜಪಾನಿನ ಪಕ್ಕದಲ್ಲಿ ತನ್ನ ಭಾಷೆಯ ಹೆಸರು ಕಂಡರೆ ಎದೆ ಉಬ್ಬುತ್ತದೆ, ಬುದ್ಧಿ ಕುಗ್ಗುತ್ತದೆ. ಕನ್ನಡ ಶಾಲೆಯ ಹುಡುಗಿಯರು, ಕನ್ನಡದ ವಾರಿಜಕ್ಕ, ಅವರಿಗೆ ಕನ್ನಡದ್ದಲ್ಲದೆ ಮತ್ತಾವುದು ಎಂದು ಅದನ್ನೇ ಒತ್ತಿದೆ. ಐದು ನಿಮಿಷದಲ್ಲಿ ಇಳಿದುಬಿಟ್ಟಿತು. ದೊಡ್ಡ ಪ್ಯಾಕ್ ಇಷ್ಟು ಚಿಕ್ಕದಿರಲು ಸಾಧ್ಯವೇ ಎಂಬ ಸಂಶಯ ಒಬ್ಬ ಇಂಜಿನಿಯರಿಗೆ ಬರಬೇಕಿತ್ತು. ನನಗೆ ಬಂದದ್ದು ಅಭಿಮಾನ.

ಸಂಜೆ ಹನ್ನೊಂದೂ ಹುಡುಗಿಯರು ಸುತ್ತ ನಿಂತಿರುವಾಗ ನಾಲ್ಕನೇ ನಂಬರಿಗೆ ಸಿ.ಡಿ. ಹಾಕಿದೆ. ಮಷೀನು ಒಂದು ಇಂಗ್ಲಿಷ್ ವಾಕ್ಯ ತೋರಿಸಿತು: ಇದನ್ನು ಹಾಕಬೇಕಾದರೆ ಮೊದಲು ದೊಡ್ಡ ಪ್ಯಾಕ್ ಹಾಕಿರಬೇಕು. ಓದಿದ ಕೂಡಲೇ ನನಗೆ ಅರ್ಥವಾಯಿತು. ನಾನು ತಂದದ್ದು ದೊಡ್ಡ ಪ್ಯಾಕೇ ಅಲ್ಲ. ಅದರ ಮೇಲೆ ಹಾಕುವ, ಮೆನುಗಳನ್ನು ಕನ್ನಡದಲ್ಲಿ ತೋರಿಸುವ ಒಂದು ತೆಳ್ಳಗಿನ ಹೊದಿಕೆ. ಇಡ್ಲಿ ಬಿಟ್ಟು ಚಟ್ನಿ ಮಾತ್ರ ಕಟ್ಟಿಸಿಕೊಂಡು ಬಂದಿದ್ದೆ. ತಪ್ಪಾಯಿತು ಎಂದು ಹೇಳಿ ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಹನ್ನೊಂದು ಜೊತೆ ಕಣ್ಣುಗಳು, ಇಪ್ಪತ್ತಾರು ವರ್ಷದ ನಾನು, ಮೇಲಾಗಿ ಇಂಜಿನಿಯರು. ನಾನು ಗಂಟಲು ಸರಿಪಡಿಸಿಕೊಂಡು, ಕನ್ನಡದ ಪ್ಯಾಕ್ ಸರಿ ಮಾಡಿಲ್ಲ ವಾರಿಜಕ್ಕ, ಅದನ್ನು ಹಾಕಿದರೆ ಮಷೀನೇ ಹಾಳಾಗ್ತದೆ, ಇಂಗ್ಲಿಷಿನದೇ ತರಬೇಕು ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ನನ್ನ ತಪ್ಪನ್ನು ನನ್ನ ಭಾಷೆಯ ತಲೆಗೆ ಕಟ್ಟಿ ನಾನು ಪಾರಾದೆ. ವಾರಿಜಕ್ಕ ಮುಖ ಸಣ್ಣದು ಮಾಡಿಕೊಂಡು, ಹೌದಾ, ಎಂದಷ್ಟೇ ಹೇಳಿದರು.

ಮರುದಿನ ಶನಿವಾರ, ಅರ್ಧ ದಿನದ ಕಚೇರಿ. ಭಾನುವಾರ ತರುತ್ತೇನೆ ಎಂದು ನಾನು ಹೇಳಿದ್ದೆ. ಮಧ್ಯಾಹ್ನ ಒಂದು ಗಂಟೆಗೆ ಸೆಕ್ಯೂರಿಟಿಯವನು ಬಂದು ಕೆಳಗೆ ನಿಮ್ಮ ಮೌಶಿ, ಅಂದರೆ ಚಿಕ್ಕಮ್ಮ, ಕೂತಿದ್ದಾರೆ ಎಂದ. ಹೋಗಿ ನೋಡಿದರೆ ವಾರಿಜಕ್ಕ. ಭಾನುವಾರ ಮೆಗಾಬ್ಲಾಕು, ಹಳಿ ರಿಪೇರಿಗೆ ಲೋಕಲ್ಲುಗಳನ್ನು ನಿಲ್ಲಿಸಿದರೆ ನಾನು ಕಳವಾದಲ್ಲೇ ಉಳಿಯುತ್ತೇನೆ ಎಂಬುದು ಅವರಿಗೆ ಖಾತ್ರಿಯಿತ್ತು. ನನಗೆ ಮೆಗಾಬ್ಲಾಕಿನ ನೆನಪೇ ಇರಲಿಲ್ಲ. ಅವರ ಕೈಯಲ್ಲಿ ಎರಡು ಹೊಸ ಸಿ.ಡಿ. ಮತ್ತು ನನಗೊಂದು ಡಬ್ಬಿ ಊಟ. ಕಚೇರಿಯ ಲೈನಿನಲ್ಲಿ ಆ ದೊಡ್ಡ ಪ್ಯಾಕ್ ಇಳಿಯುತ್ತ ಇಳಿಯುತ್ತ ಎರಡು ಸಲ ನಡುದಾರಿಯಲ್ಲಿ ತುಂಡಾಯಿತು. ಸೋಮವಾರ ಬೆಳಿಗ್ಗೆ ಬೇಗ ಬಂದು ನೋಡೋಣವೇ ಎಂದು ನಾನು ಕೆಳಗಿಳಿದು ಕೇಳಿದೆ. ಅವರು ಕುರ್ಚಿಯಿಂದ ಏಳಲೂ ಇಲ್ಲ.

“ನೀನು ಇಳಿಸು. ನಾನು ಕೂತಿರ್ತೇನೆ.”

ಐದೂವರೆಯ ತನಕ ಕೂತಿದ್ದರು. ಎರಡು ಪ್ರತಿ ಮಾಡಿಸಿದರು, ಒಂದು ಒಡೆದರೆ ಇನ್ನೊಂದು ಇರಲಿ ಎಂದು. ಠಾಣೆಯ ಗಾಡಿಯಲ್ಲಿ ಒಂದನ್ನು ತಮ್ಮ ಚೀಲದಲ್ಲಿ, ಇನ್ನೊಂದನ್ನು ನನ್ನ ಚೀಲದಲ್ಲಿ ಇಡಿಸಿದರು. ನಾವಿಬ್ಬರೂ ಒಟ್ಟಿಗೆ ಕಳೆದುಹೋಗುವ ಸಂಭವ ಕಡಿಮೆ ಎಂಬುದು ಅವರ ಲೆಕ್ಕ.

ಭಾನುವಾರ ಲೋಕಲ್ಲು ನಿಂತದ್ದು ನಿಜ. ನಾನು ಕೋಣೆಯಲ್ಲಿ ಮಲಗಿದ್ದೆ. ರುಚಿ ನೋಡಲು ಒಂದು ದಿನ ಕಾಯುವಷ್ಟು ಸಮಯ ಈ ಸಲ ಇಲ್ಲದೆ, ಅವರು ಒಬ್ಬರೇ ನಾಲ್ಕು ಮಷೀನಿಗೂ ಹಾಕಿದರು. ಒಂದೊಂದಕ್ಕೂ ಒಂದು ಗಂಟೆಗಿಂತ ಹೆಚ್ಚು. ಸೋಮವಾರ ಬಂದ ತಪಾಸಣೆಯವರಿಗೆ ಬೇರೆಲ್ಲೋ ಹೋಗುವ ಅವಸರ. ಬೋರ್ಡು ನೋಡಿ, ಕಾಫಿ ಕುಡಿದು, ಎಲ್ಲ ಠೀಕ್ ಎಂದು ರುಜು ಹಾಕಲು ಪೆನ್ನು ತೆಗೆದರಂತೆ. ವಾರಿಜಕ್ಕ ಪೆನ್ನಿಗೆ ಕೈ ಅಡ್ಡ ಹಿಡಿದು, ಸಾಹೇಬ್, ಆಧೀ ಬಘಾ, ಮಗ್ ಸಹೀ ಕರಾ, ಮೊದಲು ನೋಡಿ ಆಮೇಲೆ ರುಜು ಹಾಕಿ ಎಂದರು. ನಾಲ್ಕೂ ಮಷೀನಿನ ಮುಂದೆ ಅವರನ್ನು ಒಂದೊಂದಾಗಿ ಕೂರಿಸಿ, ದೊಡ್ಡ ಪ್ಯಾಕಿನ ಹೆಸರು ಬರೆದ ಸಾಲನ್ನು ಬೆರಳಿಟ್ಟು ಓದಿಸಿದ ಮೇಲೆಯೇ ಬಿಟ್ಟದ್ದು. ಮಾನ್ಯತೆ ಉಳಿಯಿತು. ಹನ್ನೊಂದು ಹುಡುಗಿಯರಲ್ಲಿ ಹತ್ತು ಮಂದಿ ಪಾಸಾದರು. ಹನ್ನೊಂದನೆಯವಳ ಹೆಸರು ಲಕ್ಷ್ಮಿ.

ಲಕ್ಷ್ಮಿ ಬಿಜಾಪುರದ ಕಡೆಯವಳು. ಅಪ್ಪ ಅಮ್ಮ ಕಲ್ಯಾಣದಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು. ಊರಲ್ಲಿ ಹತ್ತನೆಯ ತರಗತಿ ಒಳ್ಳೆಯ ಅಂಕದಲ್ಲಿ ಮುಗಿಸಿದ್ದಳು. ಕನ್ನಡದಲ್ಲಿ ಏನು ಹೇಳಿದರೂ ಒಂದೇ ಸಲಕ್ಕೆ ಹಿಡಿಯುತ್ತಿದ್ದಳು. ಆದರೆ ಪರದೆಯ ಇಂಗ್ಲಿಷ್ ಮೆನುಗಳ ಮುಂದೆ ಅವಳ ಕೈ ನಿಂತುಬಿಡುತ್ತಿತ್ತು. ತಪಾಸಣೆ ಮುಗಿದ ಮುಂದಿನ ಭಾನುವಾರ ನಾನು ಊಟಕ್ಕೆ ಹೋಗಿದ್ದಾಗ ಅವಳು ಹೆದರುತ್ತ ಕೇಳಿದಳು, “ಟೀಚರ್, ಆವತ್ತು ಕನ್ನಡದ್ದು ತಂದಿದ್ರಲ್ರೀ, ಅದು ಇದರಾಗ ಬರಂಗಿಲ್ಲೇನ್ರೀ?” ವಾರಿಜಕ್ಕ ನನ್ನ ಕಡೆ ನೋಡಿದರು. ಬರುತ್ತಿತ್ತು. ದೊಡ್ಡ ಪ್ಯಾಕ್ ಹಾಕಿಯಾಗಿತ್ತು, ಕನ್ನಡದ ಸಿ.ಡಿ. ಆ ಮೇಜಿನ ಮೇಲೇ ಇತ್ತು, ಹತ್ತು ನಿಮಿಷದ ಕೆಲಸ. ಆದರೆ ಬರುತ್ತದೆ ಎಂದರೆ ಶುಕ್ರವಾರದ ಸುಳ್ಳು ಬಯಲಾಗುತ್ತಿತ್ತು. ಆಮೇಲೆ ಯಾವಾಗಲಾದರೂ ಒಬ್ಬರೇ ಇರುವಾಗ ವಾರಿಜಕ್ಕನಿಗೆ ಹೇಳೋಣ ಎಂದುಕೊಂಡು ನಾನು ಬಸಳೆ ಸಾರಿನತ್ತ ಬಗ್ಗಿದೆ. ಬೇಡ ಮಗಾ, ಮಷೀನು ಹಾಳಾಗ್ತದಂತೆ, ಎಂದು ವಾರಿಜಕ್ಕನೇ ಅವಳಿಗೆ ಹೇಳಿದರು.

ಇನ್ನೊಂದು ತಿಂಗಳಿಗೆ ಲಕ್ಷ್ಮಿ ಕ್ಲಾಸು ಬಿಟ್ಟಳು. ನನ್ನ ತಲಿಗೆ ಹತ್ತಂಗಿಲ್ರೀ ಎಂದು ಹೇಳಿ ಹೋದಳಂತೆ. ಒಂದು ತಿಂಗಳು ಕನ್ನಡದ ಮೆನುವಿನಲ್ಲಿ ಕೈ ಕೂಡಿಸಿಕೊಂಡಿದ್ದರೆ ಅವಳು ಇಂಗ್ಲಿಷಿಗೆ ತಾನಾಗಿ ದಾಟುತ್ತಿದ್ದಳು. ಇದು ನನಗೆ ಆಗಲೇ ಗೊತ್ತಿತ್ತು. ವಾರಿಜಕ್ಕ ಅವಳ ಮನೆ ಹುಡುಕಿಕೊಂಡು ಕಲ್ಯಾಣಕ್ಕೆ ಎರಡು ಸಲ ಹೋಗಿ ಬಂದರು. ನಾನು ಒಂದು ಸಲವೂ ಹೋಗಲಿಲ್ಲ. ಆಮೇಲೆ ಅವರು ಕ್ಲಾಸಿನ ಗೋಡೆಯ ನಿಯಮಗಳ ಹಾಳೆಗೆ ಒಂದು ಸಾಲು ಸೇರಿಸಿದರು: ಕನ್ನಡ ಪ್ಯಾಕ್ ಹಾಕಬಾರದು, ಮಷೀನ್ ಹಾಳಾಗುತ್ತದೆ. ಹೊಸದಾಗಿ ಸೇರುವವರಿಗೆಲ್ಲ ಅದನ್ನು ಬಾಯಲ್ಲೂ ಹೇಳುತ್ತಿದ್ದರು. ಅವರು ಯಾವ ಕೆಲಸವನ್ನೂ ಅರ್ಧ ಮಾಡಿದವರಲ್ಲ, ನನ್ನ ಸುಳ್ಳನ್ನೂ ಸಹ.

ನನಗೆ ಮದುವೆಯಾಯಿತು, ಐರೋಲಿಗೆ ಮನೆ ಬದಲಾಯಿತು, ಡೊಂಬಿವಲಿಯ ಭಾನುವಾರಗಳು ವರ್ಷಕ್ಕೆರಡು ಮೂರಾದವು. ಹೋದಾಗಲೆಲ್ಲ ಗೋಡೆಯ ಆ ಸಾಲಿಗೆ ಬೆನ್ನು ಹಾಕಿ ಕೂರುವುದನ್ನು ಅಭ್ಯಾಸ ಮಾಡಿಕೊಂಡೆ.

ಹದಿಮೂರು ವರ್ಷ ಹಾಗೆ ಹೋದದ್ದು, ಮೊನ್ನೆ ಆ ಚಹಾದ ಮುಂದೆ ನಿಂತಿತು. ಮಗಳು ತಮಾಷೆಗೆ ಒಂದು ಗುಂಡಿ ಒತ್ತಿದರೆ ಬರುವ ಕನ್ನಡಕ್ಕಾಗಿ ಒಬ್ಬ ಹುಡುಗಿ ಬೇಡಿಕೊಂಡಿದ್ದಳು. ಆ ಹಳೆಯ ಪ್ಯಾಕನ್ನು ಹುಡುಕಿ ಪೆನ್ ಡ್ರೈವಿಗೆ ಹಾಕಿಕೊಂಡು ಭಾನುವಾರ ಬೆಳಿಗ್ಗೆಯೇ ಹೊರಟೆ. ವಾರಿಜಕ್ಕನಿಗೆ ಈಗ ಅರವತ್ತು ದಾಟಿದೆ, ಕೂದಲು ಪೂರ್ತಿ ಬೆಳ್ಳಗಾಗಿದೆ. ಮಷೀನು ಎರಡೇ ಉಳಿದಿವೆ, ಶನಿವಾರ ಭಾನುವಾರ ನಾಲ್ಕೈದು ಮಂದಿ ಟೈಪಿಂಗ್ ಕಲಿಯಲು ಬರುತ್ತಾರೆ. ಮಷೀನಿಗೆ ಈಗಲೂ ನೆಟ್ ಇಲ್ಲ. ನಾನು ಪೆನ್ ಡ್ರೈವ್ ಸಿಕ್ಕಿಸಿ, ಕನ್ನಡ ಪ್ಯಾಕ್ ತಂದಿದ್ದೇನೆ ಎಂದದ್ದು ಕೇಳಿ ಅವರು ಅಡುಗೆಮನೆಯಿಂದ ಬಂದರು.

“ಅದು ಹಾಕ್ಬೇಡ ಮಾರಾಯ. ಕನ್ನಡದ್ದು ಹಾಳು ಮಾಡ್ತದೆ ಅಂತ ನೀನೇ ಹೇಳಿದ್ದಲ್ವಾ?”

“ನಾನು ಹೇಳಿದ್ದು ಸುಳ್ಳು ವಾರಿಜಕ್ಕ. ತಪ್ಪು ಪ್ಯಾಕ್ ತಂದದ್ದು ನಾನು. ದೊಡ್ಡದು ಹಾಕಿದ ಮೇಲೆ ಇದು ಸರಿಯಾಗಿ ಕೂತುಕೊಳ್ತಿತ್ತು. ಲಕ್ಷ್ಮಿ ಕೇಳಿದ ದಿನವೂ ನಂಗೆ ಗೊತ್ತಿತ್ತು.”

ನಾನು ಪ್ಯಾಕನ್ನು ಹಾಕಿ ಮುಗಿಸಿದೆ. ಮಷೀನು ಒಮ್ಮೆ ಆರಿ ಹೊತ್ತಿಕೊಂಡಿತು. ಮೂಲೆಯಲ್ಲಿ ‘ಪ್ರಾರಂಭ’ ಎಂದು ಮೂಡಿತು. ವಾರಿಜಕ್ಕ ಕನ್ನಡಕ ಹಾಕಿಕೊಂಡು, ಮೆನು ತೆರೆದು, ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಪದವನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬೈಯುತ್ತಾರೆ ಎಂದು ನಾನು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

“ಹದಿಮೂರು ವರ್ಷ ಈ ಬಾಯಲ್ಲಿ ಮಕ್ಕಳಿಗೆ ಹೇಳಿದ್ದೇನೆ, ಕನ್ನಡ ಹಾಕಿದ್ರೆ ಹಾಳಾಗ್ತದೆ ಅಂತ. ನನ್ನತ್ರ ಹೇಳಿ ಎಂತ ಪ್ರಯೋಜನ? ಅವರತ್ರ ಹೇಳು.”

ಕಪಾಟಿನಿಂದ ಕ್ಲಾಸಿಗೆ ಸೇರಿದವರ ಹೆಸರಿನ ಹಳೆಯ ರಿಜಿಸ್ಟರುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಊಟವಾದ ಮೇಲೆ ಮಾಡೋಣ ಎಂದು ನನ್ನ ಬಾಯಿಗೆ ಬಂತು. ಅವರು ಆಗಲೇ ಫೋನು ಒತ್ತುತ್ತಿದ್ದರು. ಮೊದಲ ನಂಬರು ಇಲ್ಲವೇ ಇಲ್ಲ. ಎರಡನೆಯದು ಸುನೀತಾ, ಲಕ್ಷ್ಮಿಯ ಜೊತೆ ಕಲಿತವಳು, ಈಗ ಕಲ್ಯಾಣದ ಒಂದು ದವಾಖಾನೆಯಲ್ಲಿ ರಿಸೆಪ್ಷನ್ನಿನಲ್ಲಿದ್ದಾಳೆ. ನಾನು ಹೇಳಿದ್ದನ್ನು ಕೇಳಿ ಅವಳು ನಕ್ಕು, ಕಾಯ್ ಸರ್, ಏನಿದು, ಇಷ್ಟು ವರ್ಷದ ಮೇಲೆ ಎಂದಳು. ಅವಳ ಹತ್ತಿರ ಲಕ್ಷ್ಮಿಯ ನಂಬರಿತ್ತು. ಲಕ್ಷ್ಮಿ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳಂತೆ.

ವಾರಿಜಕ್ಕ ನಂಬರು ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟರು. ಆ ಕಡೆಯಿಂದ ಹೊಲಿಗೆ ಯಂತ್ರದ ಸದ್ದು, ಯಾರು ಎಂದು ಮರಾಠಿಯಲ್ಲಿ ಒಂದು ದನಿ. ನಾನು ಕನ್ನಡದಲ್ಲಿ ಯಾರೆಂದು ಹೇಳಿದೆ. ಆ ದಿನ ನೀನು ಕೇಳಿದ್ದು ಸರಿಯಿತ್ತು, ಕನ್ನಡ ಬರುತ್ತಿತ್ತು, ನನ್ನ ತಪ್ಪು ಮುಚ್ಚಿಕೊಳ್ಳಲು ನಾನು ಸುಳ್ಳು ಹೇಳಿದೆ ಎಂದೆ. ಹೊಲಿಗೆ ಯಂತ್ರ ನಿಂತಿತು.

“ಹಂಗಾರ ನಾ ದಡ್ಡಿ ಇರ್ಲಿಲ್ಲೇನ್ರೀ?”

ಇಲ್ಲಮ್ಮ, ಎಂದೆ. ಇನ್ನೊಮ್ಮೆ ಹೇಳ್ರೀ, ಎಂದಳು. ಇನ್ನೊಮ್ಮೆ ಹೇಳಿದೆ. ಎದುರಿಗೆ ವಾರಿಜಕ್ಕ ರಿಜಿಸ್ಟರಿನ ಮುಂದಿನ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದರು.